ನೂರು ಸೀರೆ, ಅವ್ವನ ನಾಲ್ಕು ಸೀರೆ

2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು, ಅಂಜು ಮೌದ್ಗಲ್ ಕದಂ ಮತ್ತು ಆಲಿ ಮ್ಯಾಥನ್, ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು: ಆ ವರ್ಷ ನೂರು ಸಲ ಸೀರೆ ಉಡಬೇಕು. ಉಟ್ಟಾಗಲೆಲ್ಲ ಒಂದು ಫೋಟೊ, ಜೊತೆಗೆ ಆ ಸೀರೆಯ ಕಥೆ. ‘ಹಂಡ್ರೆಡ್ ಸಾರಿ ಪ್ಯಾಕ್ಟ್’ ಎಂದು ಹೆಸರಾದ ಈ ಒಪ್ಪಂದಕ್ಕೆ ನೋಡನೋಡುತ್ತಿದ್ದಂತೆ ಸಾವಿರಾರು ಹೆಂಗಸರು ಸೇರಿಕೊಂಡರು. ನಾನೂ ಸೇರಿದೆ. ಇಷ್ಟು ವರ್ಷ ಕಳೆದ ಮೇಲೆ, ಅದು ನನಗೆ ಕೊಟ್ಟದ್ದೇನು, ಕೊಡಲಾಗದೆ ಹೋದದ್ದೇನು ಎಂದು ತೂಗಿ ನೋಡಬೇಕೆನಿಸುತ್ತಿದೆ.

ಕೊಟ್ಟದ್ದು ದೊಡ್ಡದು. ಮದುವೆ ಮುಂಜಿಗೆಂದು ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಹಿಡಿದು ಕೂತಿದ್ದ ಸೀರೆಗಳು ಅದರಿಂದಾಗಿ ಸೋಮವಾರದ ಆಫೀಸಿಗೆ ಬಂದವು. ಚಂದ ಕಾಣುವುದಕ್ಕಿಂತ ಹೆಚ್ಚಾಗಿ, ಇದು ಯಾರು ಕೊಟ್ಟದ್ದು, ಯಾವಾಗ ಉಟ್ಟದ್ದು ಎಂದು ಹೇಳಬೇಕಿತ್ತು. ಕಥೆ ಕೇಳಿದ ಆ ಷರತ್ತೇ ಅದರ ಜೀವ. ಕಥೆ ಹುಡುಕುತ್ತಲೇ ನಾನು ಬಾಗಲಕೋಟೆಯ ಮನೆಯ ಟ್ರಂಕು ತೆರೆದದ್ದು.

ಅದರಲ್ಲಿ ಅವ್ವನ ನಾಲ್ಕು ಇಳಕಲ್ ಸೀರೆಗಳಿದ್ದವು. ದಾಳಿಂಬೆ ಬಣ್ಣದ್ದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಇಳಕಲ್ ನೇಕಾರರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಹತ್ತಿಯ ಮೈ ಮುಗಿದು ರೇಷ್ಮೆಯ ಕೆಂಪು ಸೆರಗು ಶುರುವಾಗುವ ಜಾಗದಲ್ಲಿ ಬೆರಳಾಡಿಸಿದರೆ ಆ ಸಾಲು ಸಣ್ಣಗೆ ತಾಗುತ್ತದೆ. ಅಂಥ ಸೀರೆಯನ್ನು ಹತ್ತು ವರ್ಷ ನಾನು ಬೆಂಗಳೂರಿಗೆ ತಂದೇ ಇರಲಿಲ್ಲ. ‘ನಿಮ್ ಬಣ್ಣಕ್ಕೆ ಕೆಂಪು ಒಪ್ಪಲ್ಲ ಮೇಡಂ, ತಿಳಿ ಬಣ್ಣ ನೋಡಿ’ ಎಂದು ಅಂಗಡಿಯವನೊಬ್ಬ ಹೇಳಿದ್ದನ್ನು ಅಷ್ಟೂ ವರ್ಷ ವೇದವಾಕ್ಯ ಮಾಡಿಕೊಂಡಿದ್ದೆ. ಆ ದಿನ ಉಟ್ಟುಕೊಂಡು ಕನ್ನಡಿ ಮುಂದೆ ನಿಂತಾಗ ಅವ್ವ ಕಂಡಳು. ಅದೇ ಕಪ್ಪು, ಅದೇ ಅಗಲ ಭುಜ. ಅವಳು ಚೆಲುವೆ ಎಂಬುದರಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ಹಾಗಾದರೆ ನನ್ನ ಮೇಲೇಕೆ ಇತ್ತು?

ಇಲ್ಲಿಯವರೆಗೆ ಆ ಒಪ್ಪಂದಕ್ಕೆ ನಾನು ಋಣಿ. ತಕರಾರು ಶುರುವಾಗುವುದು ನೂರು ಎಂಬ ಲೆಕ್ಕದಲ್ಲಿ. ಮೂವತ್ತು ದಾಟುವಷ್ಟರಲ್ಲಿ ನನ್ನಲ್ಲಿದ್ದವು ಮುಗಿದವು. ಉಟ್ಟದ್ದನ್ನೇ ಮತ್ತೆ ಉಡಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಫೋಟೊದಲ್ಲಿ ಅದೇ ಸೀರೆ ಎರಡನೇ ಸಲ ಬಂದರೆ ಕೈ ಹಿಂಜರಿಯುತ್ತಿತ್ತು. ಕೊಳ್ಳತೊಡಗಿದೆ. ಕೊಂಡ ಸೀರೆಗೆ ಕಥೆ ಇರಲಿಲ್ಲ, ಬೆಲೆ ಇತ್ತು. ಅಂಗಡಿಯವನ ಕಣ್ಣಿನಿಂದ ತಪ್ಪಿಸಿಕೊಂಡವಳು ನೋಡುವವರೆಲ್ಲರ ಕಣ್ಣಿಗೆ ಸಿಕ್ಕಿಕೊಂಡಿದ್ದೆ.

ಇನ್ನೊಂದು ಮಾತು ನನ್ನನ್ನು ಈಗಲೂ ಕಾಡುತ್ತದೆ. ಸೀರೆಯಲ್ಲಿ ನನ್ನನ್ನು ಕಂಡುಕೊಂಡೆ ಎಂದು ಬರೆಯುವ ನಮಗೆ ಸೀರೆ ಉಡದೆ ಇರುವ ಸ್ವಾತಂತ್ರ್ಯವಿತ್ತು. ಅವ್ವನಿಗೆ ಇರಲಿಲ್ಲ. ಮದುವೆಯಾದ ಮೇಲೆ ಚೂಡಿದಾರ ಹಾಕಿಕೊಳ್ಳಲು ಅತ್ತೆ ಮನೆಯಲ್ಲಿ ವರ್ಷಗಟ್ಟಲೆ ಜಗಳವಾಡಿದ ಗೆಳತಿಯರು ನನಗಿದ್ದಾರೆ. ಅವರಿಗೆ ತಮ್ಮತನ ಸಿಕ್ಕಿದ್ದು ಸೀರೆ ಬಿಟ್ಟಾಗ. ನಾನು ಓದಿದ ನೂರಾರು ಕಥೆಗಳಲ್ಲಿ ಅಂಥವರ ದನಿ ನನಗೆ ಸಿಗಲಿಲ್ಲ. ಅಜ್ಜಿಯ ಸೀರೆಯನ್ನು ಕೊಂಡಾಡುವಾಗ ಅಜ್ಜಿಗೆ ಅದು ಇಷ್ಟವಿತ್ತೇ ಎಂದು ಕೇಳಿದವರೂ ಕಡಿಮೆ.

ಸೀರೆ ಯಾವ ಮೈಗಾದರೂ ಒಗ್ಗುತ್ತದೆ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಹೊಲಿಗೆಯಿಲ್ಲದ ಬಟ್ಟೆಗೆ ದಪ್ಪ ತೆಳ್ಳಗಿನ ಭೇದವಿಲ್ಲ. ಕುಪ್ಪಸಕ್ಕೆ ಇದೆ. ಹೆಣ್ಣಿನ ಮೈ ಅಳತೆಗೆ ಸಿಕ್ಕಿ ಕುಗ್ಗುವುದು ದರ್ಜಿಯ ಟೇಪಿನ ಮುಂದೆ. ಹೆರಿಗೆಯಾದ ಮೇಲೆ ಯಾವ ಕುಪ್ಪಸವೂ ತೋಳಿಗೆ ಹತ್ತದೆ, ಸೀರೆಗಳನ್ನೆಲ್ಲ ಮಡಚಿ ಒಳಗಿಟ್ಟಿದ್ದೆ. ಈ ಅಳುಕನ್ನು ಯಾವ ಫೋಟೊ ತೋರಿಸೀತು?

ಅವ್ವ ಬಂದಾಗ ಹೇಳಿದೆ. ಅವಳು ನನ್ನ ಗುಳೇದಗುಡ್ಡ ಖಣದ ಕುಪ್ಪಸವನ್ನು ಒಳಮೈ ಹೊರಮೈ ಮಾಡಿ ತೊಡೆಯ ಮೇಲೆ ಹರವಿಕೊಂಡಳು. ‘ಇಲ್ಲಿ ನೋಡು, ಒಳಗ ಮೂರು ಹೊಲಗಿ ಹಾಕ್ಯಾನ. ಮೈ ಬೆಳಿತೈತಿ ಅಂತ ದರ್ಜಿಗೂ ಗೊತ್ತೈತಿ, ನಿನಗ ಗೊತ್ತಿಲ್ಲೇನ?’ ಎನ್ನುತ್ತ ಬ್ಲೇಡಿನ ತುದಿಯಿಂದ ಒಂದೊಂದೇ ಟಾಕು ಬಿಡಿಸಿದಳು. ಬಿಚ್ಚಿದ ಕಡೆ ಬಿಸಿಲು ಕಾಣದ ಖಣ ಹೊಸದರ ಹಾಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ ಮಾಸಿದ ಬಣ್ಣ.

ನನ್ನ ನೂರು ತುಂಬಲಿಲ್ಲ. ಕೊಂಡ ಸೀರೆಗಳಲ್ಲಿ ಬಹಳಷ್ಟನ್ನು ಕೊಟ್ಟುಬಿಟ್ಟೆ. ಅವ್ವನ ನಾಲ್ಕು ಸೀರೆ, ಎರಡು ಜೀನ್ಸ್, ಕೆಲವು ಹತ್ತಿಯ ಕುರ್ತಾಗಳು ಈಗ ಸರತಿಯಲ್ಲಿವೆ. ದಾಳಿಂಬೆ ಬಣ್ಣದ ಸೀರೆಗೆ ಆ ಖಣದ ಕುಪ್ಪಸವನ್ನೇ ತೊಡುತ್ತೇನೆ. ಕಂಕುಳ ಕೆಳಗೆ ಎರಡು ಬಣ್ಣದ ಪಟ್ಟಿ ಕಾಣುತ್ತದೆ. ಸೆರಗು ಎಳೆದು ಮುಚ್ಚುವುದಿಲ್ಲ.