ರಘುವಂಶದಲ್ಲಿ ವಾರ್ಧಕ

ಕಾಳಿದಾಸನ ರಘುವಂಶವನ್ನು ಓದತೊಡಗಿದವರಲ್ಲಿ ಬಹುಮಂದಿ ಮೊದಲ ಎರಡು ಸರ್ಗಗಳಿಗೇ ನಿಂತುಬಿಡುವರು. ಅದರಿಂದ, ಸೂರ್ಯವಂಶದ ಅರಸರು ಮುಪ್ಪಿನಲ್ಲಿ ಮುನಿವೃತ್ತಿಯನ್ನು ಹಿಡಿಯುತ್ತಿದ್ದರೆಂದು ಗ್ರಂಥಾರಂಭದಲ್ಲಿ ಬರುವ ಮಾತು, ಸಂಸಾರಕ್ಕೆ ಬೇಸತ್ತು ಅಡವಿಗೆ ಓಡುವ ಜುಗುಪ್ಸೆಯೆಂದೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಕಾವ್ಯವನ್ನು ಕಡೆಯವರೆಗೆ ಓದಿದವರಿಗೆ ಬೇರೆಯೇ ಅರ್ಥವು ಗೋಚರಿಸುವುದು.

3ನೆಯ ಸರ್ಗದ ಕೊನೆಯಲ್ಲಿ ದಿಲೀಪನು ಮಗನಿಗೆ ಶ್ವೇತಚ್ಛತ್ರವನ್ನೊಪ್ಪಿಸಿ ಸುದಕ್ಷಿಣೆಯೊಡನೆ ತಪೋವನದ ಮರಗಳ ನೆರಳನ್ನು ಸೇರುತ್ತಾನೆ. ಆ ನೆರಳು ಅವನಿಗೆ ಹೊಸತಲ್ಲ. ನಂದಿನಿಯ ಹಿಂದೆ 21 ದಿನ ಕಾಡನ್ನು ಸುತ್ತಿ, ಹಕ್ಕಿಗಳ ಕಲರವವನ್ನೇ ಜಯಘೋಷವಾಗಿ ಕೇಳಿದವನು ಅವನು.

ಆದರೆ ವಿಷಯದ ತಿರುಳಿರುವುದು 8ನೆಯ ಸರ್ಗದಲ್ಲಿ. ರಘುವು ಅರಣ್ಯಕ್ಕೆ ಹೊರಟು ನಿಂತಾಗ ಅಜನು ಕಿರೀಟವಿಟ್ಟ ತಲೆಯನ್ನು ತಂದೆಯ ಪಾದಗಳಿಗೆ ಬಾಗಿಸಿ, ತನ್ನನ್ನು ಬಿಟ್ಟುಹೋಗಬಾರದೆಂದು ಬೇಡುತ್ತಾನೆ. ಮಗನ ಕಣ್ಣೀರಿಗೆ ರಘುವು ಕರಗಿ ನಿಲ್ಲುತ್ತಾನೆ; ಬಿಟ್ಟ ರಾಜ್ಯವನ್ನು ಮಾತ್ರ ಮರಳಿ ಮುಟ್ಟುವುದಿಲ್ಲ. ಕಳಚಿದ ಪೊರೆಯನ್ನು ಹಾವು ಮತ್ತೆ ತೊಡುವುದೆ? ಹೀಗೆ ಅರಮನೆಯೂ ಅಲ್ಲದ, ಘೋರಾರಣ್ಯವೂ ಅಲ್ಲದ ಎಡೆಯೊಂದು ಪಟ್ಟಣದ ಹೊರಗೆ ಅವನ ವಾಸವಾಯಿತು. ರಾಜ್ಯಲಕ್ಷ್ಮಿಯು ಅಲ್ಲಿ ಅವನನ್ನು ಸೊಸೆಯಂತೆ ಉಪಚರಿಸಿದಳೆಂಬ ಉಪಮೆಯನ್ನು ಸಹೃದಯರು ಗಮನಿಸಬೇಕು. ಕಳೆದುಕೊಂಡವನ ಕಹಿಯು ಅದರಲ್ಲಿ ಲೇಶವೂ ಇಲ್ಲ. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಲೊಲ್ಲದ ಹಿರಿಯರು ಇಂದಿನ ಮನೆಗಳಲ್ಲಿ ಉಂಟು. ಬಿಸಿಲು ತಾಕೀತು, ಗಾಳಿ ಸೋಕೀತೆಂದು ಪ್ರೀತಿಯಿಂದಲೇ ಅವರನ್ನು ನಡುಮನೆಯ ಮೂಲೆಯಲ್ಲಿ ಕೂಡಿಸುವ ಮಕ್ಕಳೂ ಉಂಟು. ಇಬ್ಬರೂ ಓದಬೇಕಾದ ಭಾಗವಿದು.

ಕವಿಯಲ್ಲಿ ಒಂದು ಕೊರತೆಯನ್ನೂ ಹೇಳದಿರುವಂತಿಲ್ಲ. ಮುಂದಿನ ಶ್ಲೋಕಗಳಲ್ಲಿ ಮಗನು ಶತ್ರುಗಳನ್ನು ಗೆದ್ದನು, ತಂದೆಯು ಇಂದ್ರಿಯಗಳನ್ನು ಗೆದ್ದನು ಎಂಬಂಥ ಸರಿತೂಕದ ಚಮತ್ಕಾರವೇ ಹೆಚ್ಚು. ರಘುವಿನ ಮುಂಜಾವು ಹೇಗೆ ಕಳೆಯಿತು, ಯಾವ ಮರದಡಿ ಕುಳಿತನು ಎಂಬುದಕ್ಕೆ ಒಂದು ಮಾತೂ ಇಲ್ಲ. ದಿಲೀಪನ ವನಸಂಚಾರಕ್ಕೆ ಅಷ್ಟು ಶ್ಲೋಕಗಳನ್ನು ವ್ಯಯಿಸಿದವನು ಇಲ್ಲಿ ನಾಲ್ಕನ್ನಾದರೂ ಕೊಡಬಹುದಾಗಿತ್ತು. ರಘುವಿನ ರಾಣಿಯ ಮುಪ್ಪಿನ ಮಾತಂತೂ ಎತ್ತಲೇ ಇಲ್ಲ.

ಭರ್ತೃಹರಿಗೆ ಜರೆಯು ಗದರಿಸುವ ಹೆಣ್ಣುಹುಲಿಯಾಗಿ ಕಂಡಳು. ಕಾಳಿದಾಸನಲ್ಲಿ ಅವಳು ಆಪ್ತಮಂತ್ರಿ: 12ನೆಯ ಸರ್ಗದಲ್ಲಿ ನರೆಗೂದಲ ನೆಪದಿಂದ ದಶರಥನ ಕಿವಿಯ ಬಳಿಗೆ ಬಂದು, ಕೈಕೇಯಿಗೆ ಅಂಜಿದವಳಂತೆ, ರಾಜ್ಯವನ್ನು ರಾಮನಿಗೆ ಕೊಡೆಂದು ಪಿಸುಗುಟ್ಟುತ್ತಾಳೆ. ದಶರಥನು ಕೇಳಿದನು, ಆದರೆ ಕಾಡಿಗೆ ಹೋದವನು ಅವನಲ್ಲ, ರಾಮನು.

ಕಡೆಯ 19ನೆಯ ಸರ್ಗದ ಅಗ್ನಿವರ್ಣನಿಗೂ ಉದ್ಯಾನವಿತ್ತು, ಲತಾಗೃಹಗಳಿದ್ದುವು. ಅವನು ಅಲ್ಲಿಗೆ ಹೋಗುತ್ತಿದ್ದುದು ಹೂಗಳನ್ನು ನೋಡುವುದಕ್ಕಲ್ಲ. ದರ್ಶನಕ್ಕೆ ಬಂದ ಪ್ರಜೆಗಳಿಗೆ, ಮಂತ್ರಿಗಳ ಒತ್ತಾಯಕ್ಕಾಗಿ, ಗವಾಕ್ಷದಿಂದ ಒಂದು ಪಾದವನ್ನು ಇಳಿಬಿಟ್ಟು ತೋರಿಸಿದನಂತೆ. ಅವನಿಗೆ ನರೆಗೂದಲು ಕಾಣುವಷ್ಟು ಆಯುಸ್ಸೇ ದೊರೆಯಲಿಲ್ಲ. ಕ್ಷಯದಿಂದ ತೀರಿಕೊಂಡವನನ್ನು ಮಂತ್ರಿಗಳು ರೋಗಶಾಂತಿಯ ನೆಪ ಹೇಳಿ, ಅರಮನೆಯ ತೋಟದಲ್ಲಿಯೇ ಗುಟ್ಟಾಗಿ ಚಿತೆಗೇರಿಸಿದರು.