ಮಸುಕು ಚಿತ್ರಕ್ಕೆ ಸಾಕ್ಷಿ ಯಾರು?

ಛಾಯಾಚಿತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಿಜ ಹೇಳಬೇಕೆಂದರೆ ಛಾಯಾಚಿತ್ರ ತಾನಾಗಿ ಬಹಳ ಕಡಿಮೆ ಮಾತಾಡುತ್ತದೆ. ಹೆಚ್ಚು ಮಾತಾಡುವುದು ಅದರ ಕೆಳಗಿನ ಬರಹ. ಆ ಬರಹವನ್ನು ಬರೆದವರು ಯಾರು, ಯಾವ ಆಧಾರದಿಂದ ಬರೆದರು ಎಂದು ನಾವು ಕೇಳುವುದು ಅಪರೂಪ. ವಿಮಾನ ಚರಿತ್ರೆಯ ಒಂದು ವಿವಾದ ಈ ವಿಷಯದಲ್ಲಿ ಒಳ್ಳೆಯ ಪಾಠ ಕಲಿಸುತ್ತದೆ.

ಯಂತ್ರದ ಬಲದಿಂದ ಮೊದಲು ಹಾರಿದವರು ಯಾರೆಂದರೆ ಶಾಲಾ ಮಕ್ಕಳೂ ರೈಟ್ ಸಹೋದರರ ಹೆಸರು ಹೇಳುತ್ತಾರೆ. ಆದರೆ ಅವರಿಗಿಂತ ಎರಡು ವರ್ಷ ಮೊದಲೇ, 1901ರ ಆಗಸ್ಟ್ 14ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಗುಸ್ತಾವ್ ವೈಟ್‌ಹೆಡ್ ಎಂಬ ಜರ್ಮನ್ ವಲಸಿಗ ಹಾರಿದ್ದ ಎಂಬ ವಾದವೂ ಇದೆ. ಕೆಲವೇ ದಿನಗಳಲ್ಲಿ ಸ್ಥಳೀಯ ಪತ್ರಿಕೆಯೊಂದು ಅದನ್ನು ವರದಿ ಮಾಡಿತು. ಆದರೆ ಜೊತೆಗೆ ಅಚ್ಚಾದದ್ದು ಕೈಯಿಂದ ಬಿಡಿಸಿದ ಚಿತ್ರ. ಅವನ ವಿಮಾನ ನೆಲದ ಮೇಲೆ ನಿಂತಿರುವ ಫೋಟೊಗಳಿವೆ. ಹಾರುತ್ತಿರುವುದೆಂದು ಸಾಬೀತಾದ ಒಂದೂ ಇಲ್ಲ. 1906ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಏರೊ ಕ್ಲಬ್ ಪ್ರದರ್ಶನದಲ್ಲಿ ಅಂಥದೊಂದು ಮಸುಕಾದ ಚಿತ್ರವಿತ್ತೆಂದು 'ಸೈಂಟಿಫಿಕ್ ಅಮೆರಿಕನ್' ಬರೆದಿತ್ತು. ಆ ಚಿತ್ರ ಆಮೇಲೆ ಸಿಗಲಿಲ್ಲ.

2013ರಲ್ಲಿ ಜಾನ್ ಬ್ರೌನ್ ಎಂಬ ಸಂಶೋಧಕ ಅದು ಸಿಕ್ಕಿತೆಂದರು. ಅದೇ ಪ್ರದರ್ಶನದ ಸಭಾಂಗಣದ ಒಂದು ಫೋಟೊದಲ್ಲಿ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಚಿತ್ರಗಳು ಕಾಣುತ್ತವೆ. ಅವುಗಳಲ್ಲಿ ಒಂದನ್ನು ಹಲವು ಪಟ್ಟು ಹಿಗ್ಗಿಸಿ, ಇದು ಆಕಾಶದಲ್ಲಿರುವ ವೈಟ್‌ಹೆಡ್ ವಿಮಾನವೇ ಎಂದು ಅವರು ವಾದಿಸಿದರು. ವಿಮಾನಗಳ ಪ್ರಸಿದ್ಧ ವಾರ್ಷಿಕ ಗ್ರಂಥ 'ಜೇನ್ಸ್'ನ ಸಂಪಾದಕ ಪಾಲ್ ಜಾಕ್ಸನ್ ಬ್ರೌನ್‌ರ ಒಟ್ಟು ಸಂಶೋಧನೆಯನ್ನು ಒಪ್ಪಿ ವೈಟ್‌ಹೆಡ್‌ಗೆ ಪ್ರಥಮ ಸ್ಥಾನ ಕೊಟ್ಟರು. ಅದೇ ವರ್ಷ ಕನೆಕ್ಟಿಕಟ್ ರಾಜ್ಯ ಆ ಗೌರವವನ್ನು ಕಾನೂನಿನಲ್ಲೇ ಬರೆಯಿತು.

ಕೆಲವೇ ತಿಂಗಳಲ್ಲಿ ಇತಿಹಾಸಕಾರ ಕ್ಯಾರೊಲ್ ಗ್ರೇ ಆ ಗೋಡೆ ಚಿತ್ರದ ಗುರುತು ಬೇರೆಯೇ ಎಂದು ತೋರಿಸಿದರು. ಅವರ ಪ್ರಕಾರ ಅದು ಜಾನ್ ಮಾಂಟ್‌ಗೊಮೆರಿ ನಿರ್ಮಿಸಿದ 'ಕ್ಯಾಲಿಫೋರ್ನಿಯಾ' ಎಂಬ ಗ್ಲೈಡರ್. ಅದಕ್ಕೆ ಎಂಜಿನ್ನೇ ಇರಲಿಲ್ಲ. ಅಷ್ಟೇ ಅಲ್ಲ, ಚಿತ್ರದಲ್ಲಿ ಅದು ಹಾರುತ್ತಲೂ ಇರಲಿಲ್ಲ. 1905ರ ಮೇ ತಿಂಗಳಲ್ಲಿ ಒಂದು ಮನರಂಜನಾ ಉದ್ಯಾನದಲ್ಲಿ ಜನರು ನೋಡಲೆಂದು ಇಡಲಾಗಿತ್ತು. 2015ರಲ್ಲಿ 'ಜೇನ್ಸ್' ಸಂಸ್ಥೆ, ಆ ಬರಹ ಸಂಪಾದಕರ ಸ್ವಂತ ಅಭಿಪ್ರಾಯ, ಸಂಸ್ಥೆಯದಲ್ಲ ಎಂದಿತು. ಕಾನೂನು ಮಾತ್ರ ಅದಾಗಲೇ ಬಂದುಬಿಟ್ಟಿತ್ತು.

ತಪ್ಪಿದ್ದು ಎಲ್ಲಿ? ಇದನ್ನು ತಿಳಿಯಲು ಹದೀಸ್ ವಿದ್ವಾಂಸರ ಕ್ರಮ ನೆರವಿಗೆ ಬರುತ್ತದೆ. ಪ್ರವಾದಿಯವರ(ಸ) ಹೆಸರಿನಲ್ಲಿ ಬಂದ ಮಾತನ್ನು ಅವರು ಎರಡು ಕಡೆಯಿಂದ ಪರೀಕ್ಷಿಸುತ್ತಿದ್ದರು. ಯಾರಿಂದ ಯಾರಿಗೆ ಬಂತೆಂಬ ವರದಿಗಾರರ ಸರಪಳಿ ಸನದು. ಮಾತಿನ ಒಡಲು ಮತ್ನ್. ಹಳೆಯ ವಿಮಾನದ ಚಿತ್ರವನ್ನು ಗುರುತಿಸುವವರೂ ಬಲ್ಲವರಾದರೆ ಇದನ್ನೇ ಮಾಡುತ್ತಾರೆ. ರೆಕ್ಕೆಗಳೆಷ್ಟು, ಎಂಜಿನ್ ಎಲ್ಲಿದೆ, ಬಾಲದ ಆಕಾರವೇನು, ಮೈಮೇಲಿನ ನೋಂದಣಿ ಅಕ್ಷರಗಳು ಯಾವ ದೇಶದವು, ಅವು ತಿರುವುಮುರುವಾಗಿ ಅಚ್ಚಾಗಿವೆಯೇ ಎಂದು ನೋಡುವುದು ಮತ್ನ್‌ನ ಪರೀಕ್ಷೆ. ಚಿತ್ರ ತೆಗೆದವರು ಯಾರು, ಮೂಲ ಪ್ರತಿ ಎಲ್ಲಿದೆ, ಹಿಂಬದಿಯಲ್ಲಿ ಏನು ಬರೆದಿದೆ ಎಂದು ಕೇಳುವುದು ಸನದಿನ ಪರೀಕ್ಷೆ.

ರೈಟ್ ಸಹೋದರರ ಚಿತ್ರ ಎರಡರಲ್ಲೂ ಗೆಲ್ಲುತ್ತದೆ. 1903ರ ಡಿಸೆಂಬರ್ 17ರಂದು ಆರ್ವಿಲ್ ಸಿದ್ಧಪಡಿಸಿಟ್ಟ ಕ್ಯಾಮರಾದಿಂದ ಅದನ್ನು ತೆಗೆದವರು ಜಾನ್ ಡೇನಿಯಲ್ಸ್. ಸ್ಥಳದಲ್ಲಿ ಐವರು ಪ್ರೇಕ್ಷಕರಿದ್ದರು. ಗಾಜಿನ ನೆಗೆಟಿವ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಗೋಡೆಯ ಮಸುಕು ಚಿತ್ರಕ್ಕೆ ಇಂಥ ಸರಪಳಿಯಿಲ್ಲ, ಒಡಲೂ ಅಸ್ಪಷ್ಟ. ಎರಡೂ ಇಲ್ಲದಿದ್ದಾಗ ನೋಡುವವನ ಆಸೆಯೇ ಅಲ್ಲಿ ರೆಕ್ಕೆ ಮೂಡಿಸುತ್ತದೆ.

ಇಷ್ಟರಿಂದ ವೈಟ್‌ಹೆಡ್ ಹಾರಲೇ ಇಲ್ಲ ಎಂದು ಸಾಬೀತಾಗುವುದಿಲ್ಲ. ದುರ್ಬಲ ವರದಿ ಬೇರೆ, ಕಟ್ಟಿದ ಸುಳ್ಳು ಬೇರೆ ಎಂಬುದು ಹದೀಸ್ ವಿದ್ವಾಂಸರ ವಿವೇಕ. ಎದುರು ಪಕ್ಷವೂ ಪೂರ್ಣ ನಿರಾಸಕ್ತವಲ್ಲ. ರೈಟ್ ವಿಮಾನವನ್ನು ಪಡೆಯುವಾಗ ಸ್ಮಿತ್‌ಸೋನಿಯನ್ ಸಂಸ್ಥೆ 1948ರಲ್ಲಿ ವಾರಸುದಾರರೊಂದಿಗೆ ಒಪ್ಪಂದ ಮಾಡಿಕೊಂಡಿತು. ಬೇರೆ ವಿಮಾನಕ್ಕೆ ಮೊದಲ ಸ್ಥಾನ ಕೊಟ್ಟರೆ ಅದು ಆ ವಿಮಾನವನ್ನು ಕಳೆದುಕೊಳ್ಳಬೇಕಾಗುತ್ತದೆ. ಹೀಗಿರುವಾಗ ತೀರ್ಪುಗಾರರ ಹಿತಾಸಕ್ತಿಯನ್ನೂ ನಾವು ತೂಗಬೇಕು.

ಇದೇ ತಕ್ಕಡಿಯಲ್ಲಿ ನಮ್ಮ ಹೆಮ್ಮೆಗಳನ್ನೂ ಇಡಬೇಕಾಗುತ್ತದೆ. 9ನೇ ಶತಮಾನದ ಕುರ್ತುಬಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಿದರೆಂದು ಮುಸ್ಲಿಮ್ ವೇದಿಕೆಗಳಲ್ಲಿ ಅಭಿಮಾನದಿಂದ ಹೇಳಲಾಗುತ್ತದೆ. ಆದರೆ ಆ ಹಾರಾಟದ ವಿವರ ಸಿಗುವುದು 17ನೇ ಶತಮಾನದ ಅಲ್ ಮಕ್ಕರಿಯ ಬರಹದಲ್ಲಿ. ಸಮಕಾಲೀನ ಕವಿಯೊಬ್ಬನ ಸೂಚನೆಯನ್ನು ಬಿಟ್ಟರೆ ನಡುವಿನ ಏಳು ಶತಮಾನಗಳಲ್ಲಿ ಸರಪಳಿ ತುಂಡಾಗಿದೆ. ಅವರು ದೊಡ್ಡ ವಿದ್ವಾಂಸರೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವರ ರೆಕ್ಕೆಗಳ ಚಿತ್ರಗಳೆಲ್ಲ ನಂತರದವರ ಕಲ್ಪನೆ. ಹಾಗೆಯೇ 'ವೈಮಾನಿಕ ಶಾಸ್ತ್ರ'ದ ನಕ್ಷೆಗಳನ್ನು ಪ್ರಾಚೀನವೆಂದು ತೋರಿಸುವವರಿದ್ದಾರೆ. ಅವನ್ನು ಬಿಡಿಸಿದ್ದು 1923ರ ಸುಮಾರಿಗೆ ಬೆಂಗಳೂರಿನ ಒಬ್ಬ ನಕ್ಷೆಗಾರ. ಆ ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರ ವಿಮಾನಗಳು ಹಾರಲಾರವು ಎಂದು 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ತೋರಿಸಿದ್ದಾರೆ. ಒಂದನ್ನು ನಕ್ಕು ಇನ್ನೊಂದನ್ನು ನಂಬುವುದು ನ್ಯಾಯವಲ್ಲ.

ಹಳೆಯ ವಿಮಾನದ ಹೆಸರು ತಪ್ಪಿದರೆ ಹೆಚ್ಚೆಂದರೆ ಒಂದು ಹೆಮ್ಮೆಗೆ ಪೆಟ್ಟು ಬೀಳಬಹುದು. ಆದರೆ ಅದೇ ಅಭ್ಯಾಸ ಬೀದಿಗೆ ಬಂದಾಗ ಎಲ್ಲಿಯದೋ ಹೆಣ, ಯಾವುದೋ ಗಲಭೆಯ ಫೋಟೊ, ನೆರೆಯವನ ಮೇಲಿನ ಆರೋಪಪತ್ರವಾಗುತ್ತದೆ. ಬಂದ ಸುದ್ದಿಯನ್ನು ವಿಚಾರಿಸದೆ ಯಾರಿಗೂ ಹಾನಿ ಮಾಡಬಾರದೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ತೆಗೆದವರು ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಚಿತ್ರವನ್ನು ಮುಂದೆ ದಾಟಿಸದಿರುವುದು ನಮ್ಮೆಲ್ಲರ ಕೈಯಲ್ಲಿದೆ.