ಗುಲಾಬಿ ಸವರುವ ಕೈ

ಗಿಡದ ತುಂಬ ಹಸಿರೆಲೆ ಇರುವಾಗಲೇ ಕತ್ತರಿ ಹಿಡಿಯಲು ಗಟ್ಟಿ ಮನಸ್ಸು ಬೇಕು. ನಮ್ಮ ಬೆಂಗಳೂರಿನ ಚಳಿಗೆ ಗುಲಾಬಿ ಎಲೆ ಉದುರಿಸಿ ಮಲಗುವುದಿಲ್ಲ. ಸವರುವವರೇ ಅದಕ್ಕೆ ವಿರಾಮ ಕೊಡಿಸಬೇಕು. ಗಣರಾಜ್ಯೋತ್ಸವದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೂ ಬೇಕೆನ್ನುವವರು ಡಿಸೆಂಬರ್ ಮೊದಲ ದಿನಗಳಲ್ಲೇ ಕೆಲಸ ಮುಗಿಸಬೇಕು. ಹೈಬ್ರಿಡ್ ಟೀ ತಳಿಗಳು ಅರಳಲು ಸುಮಾರು 45–50 ದಿನ ಹಿಡಿಯುತ್ತದೆ.

ಪಳಗಿದ ಮಾಲಿ ಮೊದಲು ಕತ್ತರಿಸುವುದಿಲ್ಲ, ಗಿಡವನ್ನು ಒಂದು ಸುತ್ತು ಬಂದು ನೋಡುತ್ತಾನೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ತೀರಾ ಸಣಕಲಾದದ್ದು ಹೋಗುತ್ತವೆ. ಕಸಿಗಂಟಿನ ಕೆಳಗಿಂದ ಎದ್ದ ಚಿಗುರಿಗಂತೂ ದಯೆಯೇ ಇಲ್ಲ. ಉಳಿದ ರೆಂಬೆಯಲ್ಲಿ ಹೊರಮುಖದ ಕಣ್ಣು ಹುಡುಕಿ, ಅದರ ಮೇಲೆ ಕಾಲಂಗುಲ ಬಿಟ್ಟು, ಓರೆಯಾಗಿ ಒಂದೇ ಏಟಿಗೆ ಕತ್ತರಿಸುತ್ತಾನೆ. ತಿರುಳು ಕಂದಾಗಿ ಕಂಡರೆ ಇನ್ನೂ ಕೆಳಗೆ, ಬೆಳ್ಳಗಾಗುವವರೆಗೆ. ಆಮೇಲೆ ತುದಿಗೆ ಬೋರ್ಡೋ ಪೇಸ್ಟ್.

ನನಗೆ ಮೆಚ್ಚುಗೆಯಾಗುವುದು ಆ ಕಣ್ಣಿನ ಆಯ್ಕೆ. ಒಳಮುಖದ್ದನ್ನು ಉಳಿಸಿದರೆ ರೆಂಬೆಗಳೆಲ್ಲ ನಡುವೆ ನುಗ್ಗಿ, ಗಾಳಿಯಾಡದೆ ಬೂದಿ ರೋಗಕ್ಕೆ ದಾರಿಯಾಗುತ್ತದೆ. ಮೊಂಡು ಕತ್ತರಿಯಲ್ಲಿ ರೆಂಬೆ ಜಜ್ಜುವವರ ಬಗ್ಗೆ ಮಾತಾಡದಿರುವುದೇ ಲೇಸು.